ಮಲಗಿ ತುಳಿದ ಸೈಕಲ್ಲು

ಅಥವಾ ಅದು ಆಸ್ಪರಿ ರಸ್ತೆಯೇ ಆಗಿರಲಿಲ್ಲವೇನೋ. ಇಷ್ಟು ವರ್ಷ ಆಸ್ಪರಿ ರಸ್ತೆ ಎಂದೇ ಹೇಳುತ್ತ ಬಂದಿದ್ದೇನೆ. ಹೇಳಿ ಹೇಳಿ ಅದರ ಎರಡೂ ಬದಿಗೆ ಹತ್ತಿ ಹೊಲ ಬೆಳೆದಿವೆ, ಒಂದು ಕಲ್ಲಿನ ಸೇತುವೆಯೂ ಎದ್ದು ನಿಂತಿದೆ. ಆ ಸೇತುವೆ ನಿಜಕ್ಕೂ ಇತ್ತೋ, ಕಥೆ ತಿರುಗುವುದಕ್ಕೆ ಒಂದು ಜಾಗ ಬೇಕೆಂದು ನಾನೇ ಕಟ್ಟಿದೆನೋ, ಈಗ ಬೇರ್ಪಡಿಸಲಾರೆ. ಸೈಕಲ್ಲು ಮಾತ್ರ ಇದ್ದದ್ದು ನಿಜ. ಅದರ ಚೈನು ಕಚ್ಚಿದ ಗುರುತು ಮೊಣಕಾಲ ಕೆಳಗೆ ಇನ್ನೂ ಇದೆ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಆದೋನಿಯಲ್ಲಿ ನಾವು ನಾಲ್ಕಾರು ಜನ, ಜಿನ್ನಿಂಗ್ ಮಿಲ್ಲಿನ ಗುಮಾಸ್ತರು, ಆಸ್ಪತ್ರೆಯ ಒಬ್ಬ ಕಂಪೌಂಡರ್, ಹತ್ತಿ ವ್ಯಾಪಾರದ ಮನೆಯ ನಾನು, ಭಾನುವಾರ ಬೆಳಿಗ್ಗೆ ಆ ರಸ್ತೆಯಲ್ಲಿ ಸೈಕಲ್ ಪಂದ್ಯ ನಡೆಸುತ್ತಿದ್ದೆವು. ಎಲ್ಲರೂ ಒಟ್ಟಿಗೆ ನುಗ್ಗುವ ಪಂದ್ಯವಲ್ಲ. ಒಬ್ಬೊಬ್ಬರೇ ಹೊರಟು, ಸೇತುವೆ ಮುಟ್ಟಿ ಹಿಂದಿರುಗಬೇಕು; ಎದುರಾಳಿ ಗಡಿಯಾರ ಒಂದೇ. ಆ ಗಡಿಯಾರ ಶಾಲೆಯ ಡ್ರಿಲ್ ಮಾಸ್ತರರದು. ಹೊರಟ ಹೊತ್ತನ್ನು ಅವರು ಸ್ಲೇಟಿನ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು, ಬಂದ ಹೊತ್ತನ್ನು ಅದರ ಕೆಳಗೆ. ನಡುವಿನ ವ್ಯತ್ಯಾಸವೇ ನಮ್ಮ ಯೋಗ್ಯತೆ. ನನ್ನ ಯೋಗ್ಯತೆ ಪ್ರತಿ ವಾರವೂ ಕೊನೆಯದು. ಮೊದಲಿಗ ಕಂಪೌಂಡರ್. ಅವನ ಕಾಲು ಕೊಕ್ಕರೆಯ ಕಾಲು.

ಮಿಲ್ಲಿನ ಇಂಜಿನಿಯರರ ಕೋಣೆಯಲ್ಲಿ ಬಿದ್ದಿದ್ದ ಒಂದು ವಿಲಾಯತಿ ಪತ್ರಿಕೆಯಲ್ಲಿ ಆ ಚಿತ್ರ ನೋಡಿದೆ. ಒಬ್ಬ ಫ್ರೆಂಚ್ ಮನುಷ್ಯ ಅಂಗಾತ ಒರಗಿ, ಕಾಲು ಮುಂದಕ್ಕೆ ಚಾಚಿ ಪೆಡಲು ತುಳಿಯುತ್ತಿದ್ದ. ಗಾಳಿ ಎದೆಗೆ ಬಡಿಯುವುದಿಲ್ಲ, ಆದ್ದರಿಂದ ಓಟ ಹೆಚ್ಚು. ಇಷ್ಟು ಸರಳವಾದದ್ದು ಊರಲ್ಲಿ ಯಾರಿಗೂ ಅರ್ಥವಾಗಲಿಲ್ಲ. ಕಮ್ಮಾರನ ಕುಲುಮೆಯ ಮುಂದೆ ವಾರಗಟ್ಟಲೆ ಕೂತು, ಎರಡು ಹಳೆಯ ಸೈಕಲ್ಲು ಕೊಯ್ಸಿ, ಎರಡು ಚೈನು ಸೇರಿಸಿ ಒಂದು ಮಾಡಿಸಿ, ಮುರಿದ ಬೆತ್ತದ ಕುರ್ಚಿಯ ಬೆನ್ನನ್ನು ಸೀಟಾಗಿ ಕಟ್ಟಿಸಿದೆ. ಮೊದಲ ದಿನವೇ ಹತ್ತಿ ಮಾರ್ಕೆಟ್ಟಿನ ಮುಂದೆ ಉರುಳಿದೆ. ತೆಲುಗಿನವರು ಅದಕ್ಕೆ ಪಾಡೆಬಂಡಿ ಎಂದು ಹೆಸರಿಟ್ಟರು, ಕನ್ನಡದವರು ಚಟ್ಟದ ಸೈಕಲ್ಲು ಎಂದರು. ಎರಡೂ ಭಾಷೆಯವರು ಒಮ್ಮತಕ್ಕೆ ಬಂದ ಸಂಗತಿ ಅದೊಂದೇ ಇರಬೇಕು.

ಮನೆಯಲ್ಲಿ ಅಜ್ಜಿ ನಗಲೂ ಇಲ್ಲ. ನಾವು ಲಿಂಗವಂತರು, ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ವಿಮಾನ ಕಟ್ಟಿ, ಕೂರಿಸಿ, ಹೂ ಹಾಕಿ ಒಯ್ಯುತ್ತಾರೆ. ಆಕೆ ಪಡಸಾಲೆಯ ಕಂಬಕ್ಕೊರಗಿ ಸೈಕಲ್ಲನ್ನು ತಲೆಯಿಂದ ಬಾಲದವರೆಗೆ ನೋಡಿದಳು.

“ನಮ್ಮ ಮಂದಿ ಸತ್ತ ಮ್ಯಾಲೂ ಕುಂತೇ ಹೋಗ್ತಾರ. ನೀ ಜೀವ ಇದ್ದಾಗ್ಲೇ ಮಲಕ್ಕೊಂಡು ಹೊಂಟೀಯಲ್ಲೋ.”

ಇದು ಮಲಗುವುದಲ್ಲ, ಒರಗುವುದು ಎಂದೆ. ಹೆಣವೂ ಹಾಗೇ ಅನ್ನುತ್ತಿತ್ತು, ಬಾಯಿ ಇದ್ದಿದ್ದರೆ, ಎಂದಳು. ವಾದ ಮಾಡಿ ಪ್ರಯೋಜನವಿಲ್ಲ. ನನಗೆ ಬೇಕಾದದ್ದು ಸ್ಲೇಟಿನ ಮೇಲೆ ಒಂದೇ ಒಂದು ಅಂಕಿ, ಕಂಪೌಂಡರನದಕ್ಕಿಂತ ಚಿಕ್ಕದು. ಅದು ಬಿದ್ದರೆ ಊರು ತಾನಾಗಿ ಬಾಯಿ ಮುಚ್ಚುತ್ತದೆ.

ಅದನ್ನು ಪಂದ್ಯಕ್ಕೆ ಇಳಿಸಿದ ಬೆಳಿಗ್ಗೆ ಆಷಾಢದ ಗಾಳಿ ಎಂದು ನೆನಪು. ಎದುರಿಗೆ ಹತ್ತಿ ಅಂಡಿಗೆ ಹೇರಿದ ಗಾಡಿಗಳ ಸಾಲು ಎಂದೂ ನೆನಪು. ಆಷಾಢದಲ್ಲಿ ಹತ್ತಿ ಗಾಡಿ ಎಲ್ಲಿಂದ ಬರಬೇಕು? ಎರಡರಲ್ಲಿ ಒಂದು ಸುಳ್ಳು. ಯಾವುದೆಂದು ಹೇಳುವವರು ಯಾರೂ ಉಳಿದಿಲ್ಲ. ಉಳಿದವರ ನೆನಪು ನನ್ನದಕ್ಕಿಂತ ಕೆಟ್ಟದ್ದು, ಯಾಕೆಂದರೆ ಅವರು ಅದನ್ನು ನನ್ನಿಂದಲೇ ಕೇಳಿದವರು.

ಪಂಚೆಯ ಅಂಚು ಚೈನಿಗೆ ಸಿಕ್ಕಬಾರದೆಂದು ಎದೆಯಿಂದ ಸೊಂಟದವರೆಗೆ, ಅಲ್ಲಿಂದ ಒಂದೊಂದು ಕಾಲಿಗೂ ಬೇರೆಯಾಗಿ ಮೀನಖಂಡದವರೆಗೆ, ಬಿಗಿಯಾಗಿ ಬಿಳಿ ವಸ್ತ್ರ ಸುತ್ತಿ ಕಟ್ಟಿಕೊಂಡಿದ್ದೆ. ಇದರಲ್ಲಿ ತಪ್ಪೇನಿದೆ ಎಂದು ಇವತ್ತಿಗೂ ಕೇಳುತ್ತೇನೆ. ಎಲ್ಲರಿಗಿಂತ ಕೊನೆಯಲ್ಲಿ ಹೊರಟೆ. ಸೇತುವೆ ಮುಟ್ಟಿ ತಿರುಗಿದಾಗ ಉಸಿರು ಇನ್ನೂ ಉಳಿದಿತ್ತು. ಕೂತು ತುಳಿಯುವ ಸೈಕಲ್ಲಿನಲ್ಲಿ ಅಲ್ಲಿಗೆ ನನ್ನ ಕಥೆ ಮುಗಿದಿರುತ್ತಿತ್ತು. ನೆಲ ಕಿವಿಯ ಪಕ್ಕದಲ್ಲೇ ಸರಸರ ಸರಿಯುತ್ತಿತ್ತು. ಮುಂದೆ ಕಾಣುತ್ತಿದ್ದದ್ದು ನನ್ನ ಎರಡು ಪಾದ, ಅವುಗಳ ನಡುವೆ ಒಂದಿಷ್ಟು ರಸ್ತೆ. ಆ ರಸ್ತೆಯಲ್ಲಿ ಗಾಡಿಗಳು.

ಗಾಡಿಯವರು ಎಂದೂ ನಮಗೆ ದಾರಿ ಬಿಟ್ಟವರಲ್ಲ. ಗಂಟೆ ಬಾರಿಸಿದರೆ ಎತ್ತನ್ನು ಇನ್ನೂ ನಡುವಿಗೆ ತರುತ್ತಿದ್ದರು. ಅವತ್ತು ಒಂದೊಂದೇ ಗಾಡಿ ರಸ್ತೆಯಿಂದ ಕೆಳಗಿಳಿಯಿತು. ಗಾಡಿಯವರು ಇಳಿದು ರುಮಾಲು ತೆಗೆದು ನಿಂತರು. ಇದು ನನ್ನ ವೇಗಕ್ಕೆ ಸಂದ ಗೌರವವೆಂದು ನಾನು ತಿಳಿದೆ. ಮುದುಕನೊಬ್ಬ ಎರಡೂ ಕೈ ಮುಗಿದಾಗ ಸ್ವಲ್ಪ ಅನುಮಾನ ಬಂತು.

ಊರ ಅಂಚಿನ ಬೇವಿನ ಮರದ ಕೆಳಗೆ ಮಾಸ್ತರರು ನಿಂತಿದ್ದರು. ನಾನು ಗೆರೆ ದಾಟಿ, ಬ್ರೇಕು ಹಿಡಿಯದೆ, ಧೂಳಿನಲ್ಲಿ ಉರುಳಿ ಎದ್ದೆ. ಎಷ್ಟು ಎಂದು ಕೇಳಿದೆ. ಅವರು ಚಪ್ಪಲಿ ಬಿಟ್ಟು ನಿಂತಿದ್ದರು. ಗಡಿಯಾರ ಜೇಬಿನಲ್ಲಿತ್ತು. ಸ್ಲೇಟಿನ ಮೇಲೆ ನಾನು ಹೊರಟ ಹೊತ್ತು, ಅದರ ಕೆಳಗೆ ಏನೂ ಇಲ್ಲ.

“ದೂರಕ್ಕ ಗಾಡಿಯವರು ರುಮಾಲು ತಗದು ನಿಂತಿದ್ದು ಕಂಡಿತಪ್ಪಾ. ಯಾರದೋ ಹೆಣ ಬಂತು ಅಂದ್ಕೊಂಡೆ,” ಎಂದರು.

“ಗಡಿಯಾರ ನೋಡ್ಲಿಲ್ಲೇನ್ರಿ?”

“ಹೆಣದ ಮುಂದ ಗಡಿಯಾರ ತಗದು ನೋಡ್ತಾರೇನಯ್ಯಾ?”

ಗುಮಾಸ್ತರು ನಗುತ್ತ ನೆಲಕ್ಕೆ ಕೂತಿದ್ದರು. ಒಬ್ಬ ತನ್ನ ಬೀಡಿ ತೋರಿಸಿ, ಇಷ್ಟು ಸೇದುವುದರೊಳಗೆ ಬಂದೆ ನೋಡು ಎಂದ. ಬೀಡಿಯನ್ನು ಯಾವಾಗ ಹಚ್ಚಿದೆ ಎಂದು ಕೇಳಿದರೆ ಅವನಿಗೆ ಅದು ನೆನಪಿಲ್ಲ. ಕಂಪೌಂಡರ್ ಮಾತ್ರ ನಗಲಿಲ್ಲ. ಅವನು ನೇರವಾಗಿ ಮಾಸ್ತರರ ಹತ್ತಿರ ಹೋದ.

“ಟೈಮು ಇದ್ರೂ ಇದು ನಡಿಯಂಗಿಲ್ರಿ ಸಾರ್. ನಮಗ ಯಾವ ಗಾಡಿಯವ ದಾರಿ ಬಿಟ್ಟಾನ? ಈತಗ ಹೆಣದ ದಾರಿ ಸಿಕ್ಕೈತಿ.”

ಮಾಸ್ತರರು ಗಂಭೀರವಾಗಿ ತಲೆದೂಗಿದರು. ಅದು ನ್ಯಾಯವಾದ ಮಾತು ಅಂತೆ. ನಾನು ಕೂಗಾಡಿದೆ. ಗಾಡಿಯವರು ಹೆಣವೆಂದು ಇಳಿದರೋ, ಎತ್ತು ಬೆದರಿ ಗಾಡಿಗಳನ್ನು ಎಳೆದುಕೊಂಡು ಇಳಿದವೋ ಯಾರು ಕಂಡರು ಎಂದು ವಾದಿಸಿದೆ. ಈಗ ಯೋಚಿಸಿದರೆ ಎತ್ತು ಬೆದರಿದ್ದೇ ನಿಜವಿರಬಹುದು. ಆದರೆ ರುಮಾಲು ತೆಗೆದದ್ದು?

ಮುಂದಿನ ವಾರ ಇನ್ನೊಮ್ಮೆ ಬಿಡಲು ಒಪ್ಪಿದರು. ಅಷ್ಟರಲ್ಲಿ ಸುದ್ದಿ ಹಳ್ಳಿಗಳಿಗೆ ಹಬ್ಬಿತ್ತು. ಗಾಡಿಯವರು ದಾರಿ ಬಿಡುವುದಿರಲಿ, ರಸ್ತೆಯ ನಡುವೆ ಗಾಡಿ ನಿಲ್ಲಿಸಿ, ಇಳಿದು, ಸುತ್ತ ನೆರೆದು ನೋಡಿದರು. ಒಬ್ಬ ಹೆಣದ ಮೇಲೆ ತೂರುವಂತೆ ನನ್ನ ಮೇಲೆ ಮಂಡಕ್ಕಿ ತೂರಿದ. ಆ ಓಟದ ಹೊತ್ತನ್ನು ಮಾಸ್ತರರು ಕಣ್ಣಲ್ಲಿ ಕಣ್ಣಿಟ್ಟು ಅಳೆದರು, ಸ್ಲೇಟಿನ ಮೇಲೆ ಸ್ಪಷ್ಟವಾಗಿ ಬರೆದರು, ಗಟ್ಟಿಯಾಗಿ ಓದಿದರು. ಎಲ್ಲರಿಗಿಂತ ಕೊನೆ. ಬೇಕಿಲ್ಲದ ಅಂಕಿ ಮಾತ್ರ ಈ ಊರಲ್ಲಿ ಖಚಿತವಾಗಿ ಸಿಗುತ್ತದೆ.

ಆಮೇಲೆ ಯುದ್ಧ ಬಂತು, ಟೈರು ಸಿಗದಾದವು, ಪಂದ್ಯ ನಿಂತಿತು. ಕಂಪೌಂಡರ್ ಗುಂತಕಲ್ಲಿಗೆ ವರ್ಗವಾಗಿ ಹೋದ. ಮೊದಲ ಬೆಳಿಗ್ಗೆ ನಾನು ಅವನಿಗಿಂತ ಬೇಗ ಬಂದಿದ್ದೆನೇ? ಬಂದಿದ್ದೆ ಎಂದು ಎಷ್ಟೋ ಸಲ ಹೇಳಿದ್ದೇನೆ, ಕೆಲವು ಸಲ ಬಹಳ ಬೇಗ ಎಂದೂ ಹೇಳಿದ್ದೇನೆ. ನನಗೆ ಗೊತ್ತಿಲ್ಲ.