ಬಿಳಿ ಗುಂಡಿ, ಕರಿ ಗುಂಡಿ

ಕಟಿಂಗ್ ಮೇಜಿನ ಮುಂದೆ ನಿಂತರೆ ಮಾಸ್ಟರಿಗೆ ಎದುರಾಡುವವರಿಲ್ಲ. ಸಭೆಯಲ್ಲಿ ಕೂತರೆ ಅವನೂ ಹದಿನೇಳರಲ್ಲಿ ಒಬ್ಬ.

ಹೊಲಿಗೆ ಶೆಡ್ಡಿನ ಯಜಮಾನ ಬಾಗಿಲು ಮುಚ್ಚಿ ಹೋದಾಗ ಕೆಲಸದವರೇ ಸೇರಿ ಅದನ್ನು ನಡೆಸತೊಡಗಿದ್ದರು. ತಿಂಗಳ ಮೊದಲ ಸೋಮವಾರ, ಮಧ್ಯಾಹ್ನದ ಊಟವಾದ ಮೇಲೆ, ಬಿಸ್ಕತ್ತಿನ ಹಳೇ ಡಬ್ಬ ಮೇಜಿಗೆ ಬರುತ್ತಿತ್ತು. ಮುಚ್ಚಳದಲ್ಲೊಂದು ಸೀಳು. ಹೇಳಿದ ಮಾತಿಗೆ ಒಪ್ಪಿದರೆ ಅದರೊಳಗೆ ಅಂಗಿಯ ಬಿಳಿ ಗುಂಡಿ, ಇಲ್ಲವಾದರೆ ಕರಿ ಗುಂಡಿ. ಯಾರ ಮುಷ್ಟಿಯಲ್ಲಿ ಯಾವುದಿದೆ ಎಂದು ಯಾರಿಗೂ ಕಾಣದು. ಡಬ್ಬ ಕಾಯುವುದು ಮಾಸ್ಟರನ ಹೆಂಡತಿಯ ಕೆಲಸ. ಕಾಜ ಹೊಲಿದು ಗುಂಡಿ ಹಚ್ಚುತ್ತಿದ್ದ ಅವಳನ್ನು ಎಲ್ಲರೂ ಗುಂಡಿಯಕ್ಕ ಎನ್ನುತ್ತಿದ್ದರು.

ಈ ಡಬ್ಬ ಅವಳಿಗೆ ಹಿಡಿಸುತ್ತಿರಲಿಲ್ಲ. ಫ್ಯಾನು ಎಲ್ಲಿ ಹಾಕಬೇಕು ಅನ್ನುವುದಕ್ಕೂ ಎರಡು ಸಭೆ. ಅಷ್ಟರಲ್ಲಿ ಬೇಸಿಗೆಯೇ ಮುಗಿದಿತ್ತು.

ಒಂದು ಸಲ ಶಾಲೆಯ ಅಂಗಿಗಳ ಕೆಲಸ ಅವಸರದಲ್ಲಿ ಬಂತು. ಮೇಜಿನ ಮೇಲೆ ಇಪ್ಪತ್ತು ಪದರ ಬಟ್ಟೆ ಹಾಸಿ ಒಟ್ಟಿಗೆ ಕತ್ತರಿಸುವುದು ರೂಢಿ. ನಲವತ್ತು ಹಾಸೋಣ ಎಂದ ಇಸ್ತ್ರಿಯವನು. ಮಾತಿನ ಮಲ್ಲ ಅವನು.

"ಇಪ್ಪತ್ತರ ಮೇಲೆ ಹೋದ್ರೆ ಬ್ಲೇಡು ವಾಲುತ್ತೆ. ಅಡಿಯ ಅಂಗಿ ಚಿಕ್ಕದಾಗುತ್ತೆ," ಎಂದ ಮಾಸ್ಟರ್.

"ಬ್ಲೇಡು ವಾಲಲ್ಲಣ್ಣ, ನಿನಗೆ ವಯಸ್ಸಾಗಿ ಕೈ ವಾಲ್ತಿದೆ."

ಎಲ್ಲರೂ ನಕ್ಕರು. ಡಬ್ಬ ತೆರೆದಾಗ ನಲವತ್ತು ಹಾಸಲು ಹನ್ನೊಂದು ಬಿಳಿ, ಆರು ಕರಿ.

ಮನೆಗೆ ನಡೆಯುವಾಗ ಗುಂಡಿಯಕ್ಕ ಗಂಡನಿಗೆ ಹೇಳಿದಳು. "ಕತ್ತರಿ ನಿಮ್ಮ ಕೈಯಲ್ಲೇ ಇದೆಯಲ್ರೀ. ಇಪ್ಪತ್ತೇ ಹಾಸಿ. ಯಾರು ಎಣಿಸ್ತಾರೆ?"

"ನಾನು ಎಣಿಸ್ತೀನಲ್ಲ," ಎಂದ. "ನಾನು ಸರಿ ಅಂತ ಇವತ್ತು ನಾನು ಮೋಸ ಮಾಡಿದ್ರೆ, ನಾಳೆ ತಪ್ಪಿರೋನೂ ತಾನೇ ಸರಿ ಅಂತ ಮಾಡ್ತಾನೆ ಕಣೇ."

ನಲವತ್ತನ್ನೇ ಹಾಸಿ ಕತ್ತರಿಸಿದ. ಅಡಿಯ ಪದರಗಳ ಅಂಗಿಗಳಿಗೆ ಕಾಲರೇ ಕೂರಲಿಲ್ಲ. ಕಾಜ ಒಂದು ಕಡೆ, ಗುಂಡಿ ಒಂದು ಕಡೆ. ಎರಡು ವಾರ ಎಲ್ಲರೂ ಬಿಚ್ಚಿ ಹೊಲಿದರು. ನಾನು ಆಗಲೇ ಹೇಳಿದ್ದೆ ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಎಲ್ಲಕ್ಕಿಂತ ಚಿಕ್ಕ ಅಂಗಿಯೊಂದನ್ನು ಡಬ್ಬ ಇಡುವ ಜಾಗದ ಮೇಲೆ ಗೋಡೆಯ ಮೊಳೆಗೆ ತೂಗುಹಾಕಿದ, ಅಷ್ಟೇ. ಮುಂದಿನ ಸಭೆಯಲ್ಲಿ ಮತ್ತೆ ಇಪ್ಪತ್ತೇ ಪದರ ಹಾಸಲು ಹದಿನೇಳೂ ಬಿಳಿ ಬಿದ್ದವು.

ಆಮೇಲೆ ಮಾಸ್ಟರಿಗೆ ಎದೆನೋವು ಬಂತು. ಮೂರೇ ದಿನ. ಹೋಗಿಬಿಟ್ಟ.

ಅದಾದ ನಾಲ್ಕನೇ ತಿಂಗಳ ಸಭೆಯಲ್ಲಿ ಇಸ್ತ್ರಿಯವನು ಎದ್ದು ನಿಂತ. "ಹದಿನಾರು ತಲೆ, ಹದಿನಾರು ನಾಲಿಗೆ. ಹೀಗಾದ್ರೆ ಕೆಲಸ ಸಾಗಲ್ಲ. ನನ್ನನ್ನ ಖಾಯಂ ಮುಖ್ಯಸ್ಥ ಮಾಡಿ. ಡಬ್ಬ ಇನ್ನು ಸಾಕು."

ಕೆಲವರು ತಲೆಯಾಡಿಸಿದರು. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಡಬ್ಬ ಹೋದರೆ ತನ್ನ ಗಂಡನದೆನ್ನುವುದು ಈ ಶೆಡ್ಡಿನಲ್ಲಿ ಏನೂ ಉಳಿಯದು ಎಂದು ಗುಂಡಿಯಕ್ಕನಿಗೆ ಅನಿಸಿತು. ಆದರೆ ಗಂಡನ ಹೆಸರು ಹೇಳಿ ಕೇಳುವುದು ಬೇಡವಾಯಿತು. ಅವಳು ಸಭೆಯಲ್ಲಿ ಬಾಯಿ ತೆರೆದದ್ದು ಅದೇ ಮೊದಲು.

"ನಲವತ್ತು ಪದರ ಹಾಸಿ ಅಂದಿದ್ದು ಯಾರು?"

"ಹಳೇದ್ಯಾಕಕ್ಕ ಈಗ?" ಎಂದ ಇಸ್ತ್ರಿಯವನು.

"ನಿನ್ನೊಬ್ಬನ್ನೇ ಅಂತಿಲ್ಲ ತಮ್ಮ. ಡಬ್ಬ ಹೇಳಿದ್ದು, ಅಂದ್ರೆ ನಾವು. ಹಾಳು ಮಾಡಿದ್ದೂ ಡಬ್ಬ, ಸರಿ ಮಾಡಿದ್ದೂ ಡಬ್ಬ. ಯಾರ ತಲೆನೂ ಒಡೀಲಿಲ್ಲ. ನೀನೊಬ್ಬನೇ ಹೇಳಿ, ನೀನೊಬ್ಬನೇ ಕೇಳಿದ್ರೆ, ಹಿಡಿದ ಮೊಲಕ್ಕೆ ಮೂರೇ ಕಾಲು. ನಾಲ್ಕನೇದು ತೋರ್ಸೋರು ಯಾರು?"

ಓವರ್‌ಲಾಕ್ ಯಂತ್ರದಲ್ಲಿ ಬಟ್ಟೆಯಂಚು ಹೊಲಿಯುವ ಅಜ್ಜಿ ನಕ್ಕಳು. "ತೋರ್ಸಿದ್ರೂ ಇವನು ಅದನ್ನ ಬಾಲ ಅಂತಾನೆ."

"ನಡೆಸೋಕೆ ಒಬ್ಬ ಬೇಕು, ಒಪ್ಪಿದೆ," ಎಂದಳು ಗುಂಡಿಯಕ್ಕ. "ಆದ್ರೆ ವರ್ಷಕ್ಕೊಂದ್ಸಲ ಇವನು ಬೇಕೋ ಬೇಡ್ವೋ ಅಂತ ಡಬ್ಬ ಹೇಳ್ಲಿ. ಇದಕ್ಕೂ ಗುಂಡಿ ಹಾಕಿ."

ಎರಡು ಸಲ ಡಬ್ಬ ತುಂಬಿತು. ಇಸ್ತ್ರಿಯವನು ಮುಖ್ಯಸ್ಥನಾಗಲು ಒಂಬತ್ತು ಬಿಳಿ, ಏಳು ಕರಿ. ವರ್ಷಕ್ಕೊಮ್ಮೆ ಡಬ್ಬ ಕೇಳಲು ಹದಿಮೂರು ಬಿಳಿ, ಮೂರು ಕರಿ.

ಮರುದಿನ ಬೆಳಿಗ್ಗೆ ಅವನು ಅವಳ ಸ್ಟೂಲಿನ ಹತ್ತಿರ ಬಂದ.

"ಆ ಏಳು ಕರೀಲಿ ನಿಂದೂ ಇತ್ತಾ ಅಕ್ಕ?"

"ಇತ್ತು."

"ಹಂಗಾದ್ರೆ ನನ್ನ ಕೈ ಕೆಳಗೆ ಕೆಲಸ ಮಾಡ್ತೀಯಾ?"

"ಮಾಡ್ದೆ ಏನು? ಒಂಬತ್ತು ಜನ ಬೇಕು ಅಂದಿದ್ದಾರೆ. ಮುಂದಿನ ವರ್ಷ ನೋಡ್ಕೋತೀನಿ."

ಅವನು ತಲೆ ಕೆರೆದುಕೊಂಡ. ಕಟಿಂಗ್ ಮೇಜಿನ ಹತ್ತಿರ ಹೋಗಿ ಹೊಲಿಗೆಯವರಲ್ಲೇ ಒಬ್ಬನಾಗಿದ್ದ ಹೊಸ ಮಾಸ್ಟರಿಗೆ ಏನೋ ಹೇಳಹೊರಟವನು ಗೋಡೆಯ ಚಿಕ್ಕ ಅಂಗಿಯನ್ನು ನೋಡಿದ. "ಇಪ್ಪತ್ತೇ ಹಾಸಪ್ಪ," ಎಂದ.

ಆ ಅಂಗಿಯನ್ನು ಮನೆಗೆ ಒಯ್ಯಬೇಕೆಂದು ನಾಲ್ಕು ತಿಂಗಳಿಂದ ಗುಂಡಿಯಕ್ಕ ಅಂದುಕೊಂಡಿದ್ದಳು. ಗಂಡ ತನ್ನ ಕೈಯಾರೆ ಕತ್ತರಿಸಿದ ಅಂಗಿ. ಮನೆಯಲ್ಲಿ ಅಂಥದೊಂದೂ ಇರಲಿಲ್ಲ.

ಒಯ್ಯಲಿಲ್ಲ. ಅದು ಇರಬೇಕಾದ ಜಾಗ ಅದೇ. ಸೂಜಿಗೆ ದಾರ ಪೋಣಿಸಿದಳು.