ಅಕ್ಕನ ಪಿಕಪ್ಪಿಗೆ ಕಟ್ಟಿದ ಕೂಲರ್

ಬೀದಿಯವರೆಲ್ಲ ಅವನನ್ನು ನಿಧಾನಿ ಎಂದೇ ಕರೆಯುತ್ತಿದ್ದರು. ಬೇರೆ ಮೆಕ್ಯಾನಿಕ್ಕುಗಳು ಬೋಲ್ಟು ಬಿಗಿದು ಕೈ ಒರೆಸಿಕೊಳ್ಳುವ ಹೊತ್ತಿಗೆ ಅವನಿನ್ನೂ ಅದರ ಸುರುಳಿಯಲ್ಲಿ ಸೇರಿದ ಮಣ್ಣನ್ನು ಬ್ರಷ್ಷಿನಿಂದ ತೆಗೆಯುತ್ತ ಕುಳಿತಿರುತ್ತಿದ್ದ. ಮಾತೂ ಅಷ್ಟೇ. ಗಂಟಲವರೆಗೆ ಬಂದ ಮಾತನ್ನು ಒಮ್ಮೆ ಒಳಗೆಳೆದು ನೋಡಿ, ಸರಿಯಾಗಿದೆ ಅನ್ನಿಸಿದರೆ ಮಾತ್ರ ಹೊರಗೆ ಬಿಡುತ್ತಿದ್ದ. ಅಷ್ಟರಲ್ಲಿ ಎದುರಿನವರು ಬೇರೆ ವಿಷಯಕ್ಕೆ ಹೋಗಿಬಿಟ್ಟಿರುತ್ತಿದ್ದರು.

ಗ್ಯಾರೇಜು ಅಪ್ಪ ಕಟ್ಟಿದ್ದು. ಅಪ್ಪ ಹೋದ ಮೇಲೆ ಮಾತಿನ ಕೆಲಸ ಅಣ್ಣನ ಪಾಲಿಗೆ, ಕೈಯ ಕೆಲಸ ನಿಧಾನಿಯ ಪಾಲಿಗೆ ಬಂತು. ಅಪ್ಪ ಇಟ್ಟ ಸ್ಪ್ಯಾನರು ಇಟ್ಟ ಮೊಳೆಯಲ್ಲೇ ಇರಬೇಕು. ಅಪ್ಪ ಹೇಳಿದ್ದಕ್ಕೆ ಎದುರಾಡಬಾರದು. ಈಗ ಅಪ್ಪ ಏನನ್ನೂ ಹೇಳುವಂತಿಲ್ಲವಾದ್ದರಿಂದ ಅಪ್ಪ ಏನು ಹೇಳುತ್ತಿದ್ದರು ಎಂಬುದನ್ನು ಅಣ್ಣನೇ ಹೇಳುತ್ತಿದ್ದ.

ಅಣ್ಣನಿಗೂ ನಿಧಾನಿಗೂ ನಡುವೆ ಹುಟ್ಟಿದವಳು ಅಕ್ಕ. ಅವಳದೊಂದು ಹಳೆಯ ಪಿಕಪ್ಪು, ಆಟೊಮ್ಯಾಟಿಕ್ ಗೇರಿನದು. ಅದರ ಹಿಂದೆ ನೀರಿನ ಟ್ಯಾಂಕಿನ ಟ್ರೇಲರು ಕಟ್ಟಿಕೊಂಡು ನಲ್ಲಿ ನೀರು ಏರದ ಗುಡ್ಡದ ಮನೆಗಳಿಗೆ ನೀರು ಹಾಕುತ್ತಿದ್ದಳು. ಗಂಡನ ಮನೆ ಬಿಟ್ಟು ಬಂದವಳು ಯಾರ ಮುಂದೆಯೂ ಕೈ ಚಾಚದೆ ತಲೆ ಎತ್ತಿ ಓಡಾಡುತ್ತಿದ್ದುದು ಆ ಗಾಡಿಯ ಬಲದಿಂದ.

ಬೇಸಿಗೆ ಏರಿದಂತೆ ಗಾಡಿ ತಕರಾರು ತೆಗೆಯಿತು. ಏರಿನಲ್ಲಿ ಗೇರು ತಡವಾಗಿ ಬೀಳುತ್ತಿತ್ತು, ಸುಟ್ಟ ವಾಸನೆ ಬರುತ್ತಿತ್ತು. ನಿಧಾನಿ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದ. ಕೆಂಪಗಿರಬೇಕಾದ ಗೇರ್ ಆಯಿಲ್ ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಇಂಥ ಗಾಡಿಗಳಲ್ಲಿ ಕಾದ ಆಯಿಲ್ ರೇಡಿಯೇಟರಿನೊಳಗೆ ಒಂದು ಸುತ್ತು ಹಾಕಿ ತಣಿದು ಗೇರ್‌ಬಾಕ್ಸಿಗೆ ಮರಳುತ್ತದೆ. ಟ್ರೇಲರು ಎಳೆಯುವ ಗಾಡಿಗೆ ಆ ತಂಪು ಎಲ್ಲಿಗೂ ಸಾಲದು. ಆಯಿಲ್ ಬದಲಿಸಿ, ರೇಡಿಯೇಟರಿನ ಮುಂದೆ ಗಾಳಿ ಬಡಿಯುವಲ್ಲಿ, ಆಯಿಲ್ ತಣಿಸಲು ಬೇರೆಯೇ ಒಂದು ಕೂಲರ್ ಕೂರಿಸಬೇಕಿತ್ತು.

ನಿಧಾನಿ ಬಿಡಿಭಾಗದ ಅಂಗಡಿಗೆ ಹೋಗಿ ಎರಡು ಬಗೆಯವನ್ನು ನೋಡಿ ಬಂದ. ಒಂದು, ಒಂದೇ ಕೊಳವೆಯನ್ನು ಹಾವಿನ ಹಾಗೆ ಮಡಿಚಿದ್ದು. ಇನ್ನೊಂದು, ತೆಳು ತಗಡಿನ ಹಾಳೆಗಳನ್ನು ಒಂದರ ಮೇಲೊಂದು ಬೆಸೆದದ್ದು. ಭಾರಕ್ಕೆ ಹಾಳೆಯದೇ ಸರಿ ಎಂದು ಅಣ್ಣನಿಗೆ ಹೇಳಿದ. ಅಣ್ಣ ನಗುತ್ತ ಅಟ್ಟದತ್ತ ಬೆರಳು ಮಾಡಿದ.

"ಹಾಳೆ ಕೂಲರ್ ಬೇಕು ಅಂತ ಊರೆಲ್ಲ ಸುತ್ತಿ ಬಂದ್ಯಾ? ಅಪ್ಪನ ಗಾಡೀದು ಅಲ್ಲೇ ಇದ್ಯಲ್ಲೋ."

"ಆ ಗಾಡಿ ಗೇರ್‌ಬಾಕ್ಸ್ ಪುಡಿಯಾಗೇ ಅಲ್ವಾ ಅಣ್ಣ ನಿಂತಿದ್ದು? ಕೂಲರ್ ಒಳಗೆ ಕಬ್ಬಿಣದ ಪುಡಿ ಕೂತಿರುತ್ತೆ."

"ತೊಳಿ."

"ತೊಳೆದ್ರೂ ಪೂರ್ತಿ ಹೋಗಲ್ಲ. ಹಾಳೆ ಹಾಳೆ ಮಧ್ಯೆ ಸೇರ್ಕೊಂಡಿರುತ್ತೆ."

"ಉಪಯೋಗಕ್ಕೆ ಬರದೇ ಇರೋದನ್ನ ಅಪ್ಪ ಅಷ್ಟು ಜೋಪಾನವಾಗಿ ಬಟ್ಟೆ ಸುತ್ತಿ ಎತ್ತಿಡ್ತಿದ್ರಾ? ಅವರಿಗಿಂತ ಜಾಣ ಆಗ್ಬಿಟ್ಟೆ ನೀನು."

ನಿಧಾನಿ ಏಣಿ ಹತ್ತಿ, ಬಟ್ಟೆ ಸುತ್ತಿದ ಕೂಲರನ್ನು ಅಟ್ಟದಿಂದ ಇಳಿಸಿದ. ಅಷ್ಟರಲ್ಲಿ ಹೊರಗೆ ಟ್ಯಾಂಕು ತೊಳೆಯುತ್ತಿದ್ದ ಅಕ್ಕ ಒದ್ದೆ ಕೈಯಲ್ಲೇ ಒಳಗೆ ಬಂದಳು. "ಏನಂತೆ? ಯಾವ್ದು ಹಾಕ್ತೀರಿ?"

"ಅಪ್ಪನ ಕೂಲರೇ ಹಾಕೋದು ಅಂತ ಆಯ್ತು," ಎಂದ ಅಣ್ಣ.

"ಅಪ್ಪಂದಾ?" ಅಕ್ಕನ ಮುಖ ಅರಳಿತು. "ಅಪ್ಪ ನನ್ನ ಗಾಡಿ ಜೊತೇಲೇ ಗುಡ್ಡ ಹತ್ತಿದ ಹಾಗಾಯ್ತು ಬಿಡು." ಹಾಗೆಂದವಳು, ನೀನೇನಂತೀಯ ಎಂಬಂತೆ ನಿಧಾನಿಯ ಕಡೆ ನೋಡಿದಳು. ಅವನು ಬಗ್ಗಿ ಬೆಂಚಿನ ಕೆಳಗೆ ಬ್ರಷ್ ಹುಡುಕತೊಡಗಿದ.

ಆಮೇಲೆ ತೊಳೆದದ್ದೇ ತೊಳೆದದ್ದು. ಸೀಮೆಎಣ್ಣೆ ತುಂಬಿಸಿ ಕುಲುಕಿದ, ತಲೆಕೆಳಗು ಮಾಡಿ ಬಸಿದ, ಗಾಳಿ ಊದಿದ, ಮತ್ತೆ ತುಂಬಿಸಿದ. ಮೊದಲು ಕರಿ, ಆಮೇಲೆ ಬೂದು, ಕೊನೆಗೆ ಸುರಿದ ಸೀಮೆಎಣ್ಣೆ ಸುರಿದ ಹಾಗೇ ಹೊರಬಂತು. ಬಿಳಿ ಬಟ್ಟೆಯ ಮೇಲೆ ಬಸಿದು ನೋಡಿದ. ಕಲೆಯಿರಲಿಲ್ಲ. ತಣ್ಣಗೆ ಕೂತ ಪುಡಿ ಕಾದ ಆಯಿಲ್ ಹರಿದಾಗ ಕದಲಿ ಗೇರ್‌ಬಾಕ್ಸನ್ನು ತಿನ್ನುತ್ತದೆ ಎಂದು ಅವನಿಗೆ ತಿಳಿಯದೆ ಇರಲಿಲ್ಲ. ಆದರೂ ಬಾಯಿ ಮುಚ್ಚಿಕೊಂಡಿರಲು ಆ ಬಿಳಿ ಬಟ್ಟೆ ಅವನಿಗೆ ಒಳ್ಳೆಯ ನೆಪವಾಯಿತು. ಆಯಿಲ್ ಗೇರ್‌ಬಾಕ್ಸಿಗೆ ಹೋಗುವ ದಾರಿಯಲ್ಲಿ ಒಂದು ಫಿಲ್ಟರಾದರೂ ಇರಲಿ ಎಂದು ಕೇಳಿದ್ದಕ್ಕೆ, "ಅಪ್ಪನ ಸಾಮಾನಿಗೆ ಜರಡಿ ಬೇರೆ ಹಿಡೀತೀಯಾ?" ಎಂದು ಅಣ್ಣ ಗದರಿದ.

ಇನ್ನುಳಿದ ಕೆಲಸದಲ್ಲಿ ಯಾರೂ ಬೆರಳಿಟ್ಟು ತೋರಿಸುವಂತಿರಲಿಲ್ಲ. ಕೂಲರ್ ರೇಡಿಯೇಟರಿಗೆ ತಾಗದಂತೆ ಕಬ್ಬಿಣದ ಪಟ್ಟಿಯ ಮೇಲೆ ಕೂರಿಸಿದ. ರೇಡಿಯೇಟರಿನಲ್ಲಿ ತಣಿದು ಮರಳುವ ಪೈಪನ್ನೇ ಹುಡುಕಿ ಕತ್ತರಿಸಿದ. ಏಕೆಂದರೆ ಕೊನೆಯ ತಂಪು ಕೂಲರಿನಲ್ಲೇ ಆಗಿ ಆಯಿಲ್ ನೇರವಾಗಿ ಗೇರ್‌ಬಾಕ್ಸಿಗೆ ಹೋಗಬೇಕು. ರಬ್ಬರು ಪೈಪು ಜಾರದಿರಲೆಂದು ಕಬ್ಬಿಣದ ಪೈಪಿನ ಬಾಯಿಯನ್ನು ಉಂಗುರದ ಹಾಗೆ ಉಬ್ಬಿಸಿದ. ಅಗ್ಗದ ನೀರಿನ ಪೈಪು ಹಾಕದೆ, ಬಿಸಿ ಆಯಿಲ್ ತಡೆಯುವ ಪೈಪನ್ನೇ ತಂದು, ಎಲ್ಲೂ ಮಡಿಕೆ ಬೀಳದಂತೆ ಬಾಗಿಸಿ, ತುದಿಗಳಿಗೆ ಕ್ಲಾಂಪು ಬಿಗಿದ. ಅಕ್ಕ ಬಾನೆಟ್ಟಿನೊಳಗೆ ತಲೆ ಹಾಕಿ, "ನನ್ನ ಮನೆ ಪಾತ್ರೆನೂ ಇಷ್ಟು ಒಪ್ಪವಾಗಿರಲ್ಲ ಕಣೋ," ಎಂದಳು. ಹೊಗಳಿಕೆ ಅವನ ಎದೆಯಲ್ಲಿ ಮುಳ್ಳಿನಂತೆ ಕೂತಿತು.

ಕೆಲವು ವಾರ ಗಾಡಿ ಬೆಣ್ಣೆಯಂತೆ ಓಡಿತು. ಅಣ್ಣ ಬಂದವರಿಗೆಲ್ಲ ಅಪ್ಪನ ಕೂಲರಿನ ಕಥೆ ಹೇಳಿದ. ಆಮೇಲೊಂದು ಮಧ್ಯಾಹ್ನ, ತುಂಬಿದ ಟ್ಯಾಂಕಿನೊಂದಿಗೆ ಏರಿನ ನಡುವೆ ಗೇರು ಕೈಬಿಟ್ಟಿತು. ಇಂಜಿನ್ನು ಕಿರುಚಿತು, ಗಾಡಿ ಹಿಂದಕ್ಕೆ ಜಾರಿತು. ಅಕ್ಕ ಬ್ರೇಕು ಒತ್ತಿಕೊಂಡೇ ಕೂಗಿ, ದಾರಿಯವರಿಂದ ಚಕ್ರಕ್ಕೆ ಕಲ್ಲು ಕೊಡಿಸಿದಳು. ಟ್ಯಾಂಕಿನ ನೀರನ್ನೆಲ್ಲ ರಸ್ತೆಗೆ ಬಿಟ್ಟಳು. ಮೇಲಿನ ಮನೆಯವರು ಕೊಡ ಹಿಡಿದು ನೋಡುತ್ತ ನಿಂತಿದ್ದರು. ಬಾಯಾರಿದವರು ಎಷ್ಟು ದಿನ ಕಾದಾರು? ವಾರ ಕಳೆಯುವುದರೊಳಗೆ ಗುಡ್ಡಕ್ಕೆ ಬೇರೆಯವನ ಟ್ಯಾಂಕು ಹತ್ತತೊಡಗಿತು.

ನಿಧಾನಿ ಗೇರ್‌ಬಾಕ್ಸಿನ ತಳದ ಆಯಿಲ್ ತಟ್ಟೆ ಬಿಚ್ಚಿದ. ಆಯಿಲ್ ತುಂಬ ಪುಡಿ ಮಿನುಗುತ್ತಿತ್ತು. ಕೂಲರನ್ನು ಗರಗಸದಿಂದ ಸೀಳಿದ. ಹಾಳೆಗಳ ನಡುವೆ ಕರಿಯ ಕೆಸರು ಇನ್ನೂ ಅಂಟಿಕೊಂಡಿತ್ತು.

"ತೊಳೆದವ್ನು ಯಾರು? ಇವ್ನೇ ತಾನೆ?" ಎಂದ ಅಣ್ಣ. "ಒಂದು ಸಾಮಾನು ನೆಟ್ಟಗೆ ತೊಳೆಯೋಕೆ ಬರಲ್ಲ, ಹೆಸರಿಗೆ ಮಾತ್ರ ನಿಧಾನಿ."

ಅಕ್ಕ ಅಣ್ಣನ ಕಡೆ ತಿರುಗಲಿಲ್ಲ. ಕೆಸರನ್ನು ಬೆರಳಲ್ಲಿ ತೆಗೆದು ನೋಡಿ ನಿಧಾನಿಯನ್ನು ಕೇಳಿದಳು. "ಇದು ಒಳಗಿದೆ ಅಂತ ನಿಂಗೆ ಗೊತ್ತಿತ್ತಾ?"

"ಅನುಮಾನ ಇತ್ತು. ಅಣ್ಣಂಗೆ ಹೇಳ್ದೆ."

"ಅಣ್ಣಂಗೆ ಹೇಳ್ದೆ. ಗಾಡಿ ಅಣ್ಣಂದಾ? ಗುಡ್ಡ ಹತ್ತೋಳು ನಾನಲ್ವೇನೋ? ಇಲ್ಲೇ, ನಿನ್ನ ಮುಂದೇನೇ ನಿಂತಿದ್ದೆ. ಬಾಯಿಗೂ ಕ್ಲಾಂಪ್ ಬಿಗಿದಿದ್ಯಾ?"

"ನಾನೇ ಬಿಚ್ಚಿ ಮತ್ತೆ ಕಟ್ಟಿಕೊಡ್ತೀನಿ ಅಕ್ಕ. ಎಲ್ಲಾ ಹೊಸದು ಹಾಕ್ತೀನಿ."

"ಬೇಡಪ್ಪ. ನಿಮ್ಮಿಬ್ಬರ ಮಧ್ಯೆ ತೀರ್ಮಾನ ಆಗಿ ಮುಗಿದ ಮೇಲೇ ನಂಗೆ ಗೊತ್ತಾಗೋದು. ಸಾಕು."

ಮರುದಿನ ಎದುರು ಬೀದಿಯ ಮೆಕ್ಯಾನಿಕ್ಕು ಹಗ್ಗ ಕಟ್ಟಿ ಪಿಕಪ್ಪನ್ನು ಎಳೆದುಕೊಂಡು ಹೋದ. ಸ್ಟೇರಿಂಗ್ ಹಿಡಿದು ಕೂತ ಅಕ್ಕ ಗ್ಯಾರೇಜಿನ ಕಡೆ ಕತ್ತು ಹೊರಳಿಸಲಿಲ್ಲ. ಅಣ್ಣ ಯಾವುದೋ ಕೆಲಸ ನೆನಪಾದವನಂತೆ ಒಳಗೆ ಹೋದ.

ಗಾಡಿ ಸಿದ್ಧವಾದರೂ ಗುಡ್ಡದ ಮನೆಗಳು ಅವಳಿಗೆ ಮರಳಿ ಸಿಗುವ ಖಾತ್ರಿಯಿರಲಿಲ್ಲ. ಅದು ನಿಧಾನಿಗೂ ಗೊತ್ತಿತ್ತು. ಸಂಜೆ ಆ ಮೆಕ್ಯಾನಿಕ್ಕಿನ ಫೋನು ಬಂತು.

"ಹೊಸ ಕೂಲರ್ ಕೂರಿಸ್ತಾ ಇದ್ದೀನಿ ಮಾರಾಯ. ನೀನು ಕಟ್ಟಿರೋ ಪೈಪು ನೋಡಿದ್ರೆ ಬಿಚ್ಚೋಕೆ ಮನಸ್ಸೇ ಬರಲ್ಲ. ಹಾಗೇ ಬಿಡ್ಲಾ?"

"ಅಕ್ಕ ಏನಂದ್ಲು?"

"ಎಲ್ಲಾ ಕಿತ್ತು ಬಿಸಾಕು ಅಂದ್ರು."

"ಸರಿಯಾಗೇ ಹೇಳಿದಾಳೆ," ಎಂದ ನಿಧಾನಿ. ಅವನ ಮಾತು ಈ ಸಲ ತಡವಾಗಲಿಲ್ಲ. "ಅದರಲ್ಲೂ ಪುಡಿ ಇರುತ್ತೆ. ಒಂದು ತುಂಡೂ ಉಳಿಸ್ಬೇಡಿ."