ಪುಟದಾಚೆಗೆ ಹೋದ ಹನೂರು

ಕಂಪ್ಯೂಟರು ಏನಾದರೂ ಪ್ರಶ್ನೆ ಕೇಳಿದರೆ ನಾನು ಪೂರ್ತಿ ಓದುವವಳಲ್ಲ. ಮನೆಗೆ ಬಂದ ನೆಂಟರು ಹಜಾರದಲ್ಲಿ ಕೂತು ತಮ್ಮ ಮಂಡಿನೋವು ವಿವರಿಸುತ್ತಿದ್ದರೆ ಅಡುಗೆಮನೆಯಿಂದ ‘ಹ್ಞೂಂ, ಹ್ಞೂಂ’ ಎನ್ನುತ್ತಿರುತ್ತೇವಲ್ಲ, ಹಾಗೆ ‘ಓಕೆ’ ಒತ್ತಿಬಿಡುತ್ತೇನೆ. ನೆಂಟರಿಂದ ಇದುವರೆಗೆ ಅಪಾಯವಾಗಿಲ್ಲ. ಕಂಪ್ಯೂಟರಿನಿಂದ ಆಯಿತು.

ಕೊಳ್ಳೇಗಾಲದಲ್ಲಿರುವ ಒಂದು ರೈತರ ಕಂಪನಿಯಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕೊಳ್ಳೇಗಾಲ, ಹನೂರು, ಯಳಂದೂರು, ಹೀಗೆ ನಮಗೆ ಮೂರು ಖರೀದಿ ಕೇಂದ್ರಗಳಿವೆ. ಈ ವರ್ಷ ವಾರ್ಷಿಕ ವರದಿ ತೆಗೆಯಲೆಂದೇ ಹೊಸ ಸಾಫ್ಟ್‌ವೇರು ಬಂತು. ಅದಕ್ಕೆ ಮದುವೆಮನೆಯ ಬೀಗರಿಗಿಂತ ಹೆಚ್ಚು ಪ್ರಶ್ನೆಗಳು. ಯಾವ ಕೇಂದ್ರದ ಮಾಹಿತಿ ಬೇಕು, ಯಾವುದು ಬೇಡ? ಯಾವ ತಿಂಗಳಿಂದ? ಅಡ್ಡಕ್ಕೆ ಬರೆಯಲೋ, ಉದ್ದಕ್ಕೋ? ಯಾರು ಮೊದಲು, ಯಾರು ಆಮೇಲೆ?

ಯೋಚಿಸಿದರೆ ಈ ವಿದ್ಯೆ ನಮಗೆ ಹೊಸದೇನೂ ಅಲ್ಲ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಮಾಹಿತಿಯ ಆಯ್ಕೆ ನಮ್ಮಪ್ಪನದಾಗಿತ್ತು. ಹಾಡಲು ಬರುತ್ತದೆ ಎಂಬುದು ಸೇರಿತು, ಮೂಗಿನ ತುದಿಯ ಕೋಪ ಬಿಟ್ಟುಹೋಯಿತು. ವಿನ್ಯಾಸ ಅಮ್ಮನದು: ಎಡಗೆನ್ನೆಗೆ ಬೆಳಕು ಬೀಳುವಂತೆ ಕುರ್ಚಿ ಹಾಕಿಸಿದ್ದಳು. ‘ಪೂರ್ತಿ ವರದಿ ಕೈಗೆ ಸಿಕ್ಕಿದ್ದು ತಾಳಿ ಕಟ್ಟಿದ ಮೇಲೆ’ ಎಂದು ನನ್ನ ಗಂಡ ಇಂದಿಗೂ ಹೇಳುತ್ತಿರುತ್ತಾರೆ.

ಈ ಸಲದ ವಾರ್ಷಿಕ ಸಭೆಯ ಮುಂದೆ ಒಂದು ಕಹಿ ಪ್ರಸ್ತಾಪವಿತ್ತು. ಹನೂರು ಕೇಂದ್ರ ವರ್ಷವರ್ಷವೂ ನಷ್ಟದಲ್ಲಿದೆ, ಅದನ್ನು ಮುಚ್ಚಿ ಕೊಳ್ಳೇಗಾಲಕ್ಕೆ ಸೇರಿಸಬೇಕು ಎಂದು. ಹನೂರು ಕಡೆಯ ನಿರ್ದೇಶಕಿ ದೊಡ್ಡತಾಯಮ್ಮ. ಮಹದೇಶ್ವರ ಬೆಟ್ಟದ ದಾರಿಯ ಹಳ್ಳಿಯೊಂದರವರು. ವರ್ಷವೆಲ್ಲ ಮನೆಮನೆ ತಿರುಗಿ, ರಾಗಿ ನಮ್ಮ ಕೇಂದ್ರಕ್ಕೇ ತನ್ನಿ ಎಂದು ಜನರನ್ನು ಒಪ್ಪಿಸಿದ್ದರು. ಕೇಂದ್ರ ಈ ಸಲ ಎದ್ದು ನಿಂತಿತ್ತು. ಅದನ್ನು ಪರದೆಯ ಮೇಲೆ ಮೊದಲು ಕಂಡವಳು ನಾನು, ಖುಷಿಪಟ್ಟವಳೂ ನಾನೇ.

ಸಭೆಯ ಹಿಂದಿನ ದಿನ ನಮ್ಮ ಅಧ್ಯಕ್ಷ ಬಸವರಾಜು ಬಂದರು. “ಮೇಡಂ, ಇಂಗ್ಲೀಸ್ನಲ್ಲಿ ಕೊಟ್ರೆ ಯಾರ್ ಓದಾರು? ಕನ್ನಡದಲ್ಲಿ ತಗ್ಯಿ. ಅದೂ ಒಂದೇ ಹಾಳೆ ಇರ್ಲಿ. ಎರಡು ಕೊಟ್ರೆ ಒಂದ್ರಲ್ಲಿ ವಡೆ ಸುತ್ಕಂಡು ಓಯ್ತಾರೆ.”

ಎರಡನ್ನೂ ಮಾಡಿದೆ. ಸಾಫ್ಟ್‌ವೇರು ಏನೋ ಎಚ್ಚರಿಸಲು ಬಂತು. ‘ಹ್ಞೂಂ’ ಎಂದೆ.

ಆಗಿದ್ದು ಇಷ್ಟು. ಇಂಗ್ಲಿಷ್ ಅಕ್ಷರಕ್ರಮದಲ್ಲಿ ಹನೂರಿನದೇ ಮೊದಲ ಸ್ಥಾನ. ಕನ್ನಡಕ್ಕೆ ಬಂದೊಡನೆ ಅದು ಬಾಲಕ್ಕೆ ಹೋಯಿತು. ನಮ್ಮ ವರ್ಣಮಾಲೆಯಲ್ಲಿ ಹಕಾರದ ನಂತರ ಇರುವುದು ಳಕಾರವೊಂದೇ, ಳಕಾರದಿಂದ ಶುರುವಾಗುವ ಊರನ್ನು ಯಾವ ಪುಣ್ಯಾತ್ಮನೂ ಕಟ್ಟಿಲ್ಲ. ಹಾಳೆಯ ಅಗಲಕ್ಕೆ ಎರಡೇ ಊರು ಹಿಡಿದವು. ಒಂದೇ ಪುಟ ಸಾಕು ಎಂದಿದ್ದೆನಲ್ಲ, ವಿಧೇಯ ಸಾಫ್ಟ್‌ವೇರು ಮೂರನೆಯದನ್ನು ಕೈಬಿಟ್ಟಿತ್ತು. ನಾನು ನೋಡದೆ ಜೆರಾಕ್ಸಿಗೆ ಕೊಟ್ಟೆ.

ಮಾರನೆಯ ದಿನ ಛತ್ರ ತುಂಬಿತ್ತು. ದೊಡ್ಡತಾಯಮ್ಮ ಒಂದು ಟೆಂಪೋ ತುಂಬ ಜನರನ್ನು ಕರೆತಂದಿದ್ದರು. ಹಾಳೆ ಹಂಚಿದೆವು. ಅವರು ಓದಿದರು, ಹಿಂದಕ್ಕೆ ತಿರುಗಿಸಿದರು, ಅಲ್ಲಿ ಬರೀ ಬಿಳಿ. ಎದ್ದು ನಿಂತರು.

“ಮೇಡಮ್ನೋರೇ, ನಮ್ಮೂರು ಎಲ್ಲೋಯ್ತು? ಈಗೀಗ ತಾಲ್ಲೂಕಾಗ್ಯದೆ, ಆಗ್ಲೇ ಅಳಿಸ್ಬುಟ್ರಾ?”

ಸಭೆ ನಕ್ಕಿತು. ಅವರು ನಗಲಿಲ್ಲ. “ಮುಚ್ಚಾದು ಮೊದ್ಲೇ ತೀರ್ಮಾನ ಆಗಿದ್ರೆ ನಮ್ಮನ್ಯಾಕೆ ಕರಸುದ್ರಿ? ಏಳ್ರವ್ವ, ಓಗವ.” ಅವರ ಜನ ಎದ್ದು ಬಾಗಿಲ ಬಳಿ ಚಪ್ಪಲಿ ಹುಡುಕತೊಡಗಿದರು.

ನನಗೆ ಆಗ ಅರ್ಥವಾಯಿತು. ಒಂದು ವರ್ಷದ ದುಡಿಮೆ ನನ್ನ ಒಂದು ‘ಹ್ಞೂಂ’ಗೆ ಬಾಗಿಲು ದಾಟಿ ಹೋಗುತ್ತಿತ್ತು. ಮೈಕು ಹಿಡಿದು, “ಅಮ್ಮಾ, ಹನೂರು ಎಲ್ಲೂ ಹೋಗಿಲ್ಲ, ಕಂಪ್ಯೂಟರಿನಲ್ಲಿದೆ. ಹಕಾರ ಕೊನೆಗೆ ಬರುತ್ತಲ್ಲ, ಅದಕ್ಕೇ...” ಎಂದೆ. ವರ್ಣಮಾಲೆ ಅಷ್ಟು ಬಡಪಾಯಿ ಸಬೂಬಾಗಿ ನನಗೆಂದೂ ಕೇಳಿಸಿರಲಿಲ್ಲ.

ದೊಡ್ಡತಾಯಮ್ಮ ಬಾಗಿಲಲ್ಲೇ ತಿರುಗಿದರು. “ಆ ಅಕ್ಸರವ ನಾವ್ ಯಾವತ್ತಮ್ಮ ಅಂದಿದ್ದೀವಿ? ನಮ್ಮೂರು ಅನೂರು ಕಣ್ರಿ. ಅಂಗೇ ಬರ್ಕಳಿ, ಮೊದ್ಲು ಬತ್ತದೆ.”

ಛತ್ರ ಬಿರಿಯುವಂತೆ ನಗು ಎದ್ದಿತು. ಈ ಸಲ ಅವರೂ ನಕ್ಕರು. ಚಪ್ಪಲಿ ಮೆಟ್ಟಿದ್ದವರು ಅದನ್ನು ಕಳಚಿ ಬಂದು ಕೂತರು.

ಪ್ರೊಜೆಕ್ಟರಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ಗೋಡೆಯ ಮೇಲೆ ಎಲ್ಲರೆದುರೇ ವರದಿಯನ್ನು ಹೊಸದಾಗಿ ಕಟ್ಟತೊಡಗಿದೆ. ಕೇಂದ್ರಗಳನ್ನು ಅಡ್ಡಸಾಲಿಗೆ ತಂದೆ, ಹೋದ ವರ್ಷವನ್ನೂ ಈ ವರ್ಷವನ್ನೂ ಅಕ್ಕಪಕ್ಕ ಕೂರಿಸಿದೆ. ಸಭೆಯಲ್ಲಿದ್ದವರೆಲ್ಲ ಆ ಗಳಿಗೆಯಲ್ಲಿ ವಿನ್ಯಾಸತಜ್ಞರಾದರು. ಯಳಂದೂರಿನ ನಿರ್ದೇಶಕ ನಂಜುಂಡಪ್ಪನವರ ಕೇಂದ್ರದಲ್ಲಿ ಬೆಲ್ಲ ಮಳೆಗೆ ಸಿಕ್ಕಿ ನಷ್ಟವಾಗಿತ್ತು. ಅವರು ಮೆಲ್ಲಗೆ, “ಮೇಡಂ, ನಮ್ ಬೆಲ್ಲದ್ ಲೆಕ್ಕವ ಬುಟ್ಬುಡಿ. ಬೆಟ್ಟದ ಜೇನ್ದು ಮಾತ್ರ ಇರ್ಲಿ” ಎಂದರು.

“ಜೇನೂ ಇರ್ಲಿ, ಬೆಲ್ಲಾನೂ ಇರ್ಲಿ,” ಎಂದರು ದೊಡ್ಡತಾಯಮ್ಮ. “ಇಷ್ಟ್ ವರ್ಸ ನಮ್ ಲುಕ್ಸಾನ ನೀವೆಲ್ಲ ಕಾಪಿ ಕುಡ್ಕಂಡು ಕೇಳ್ಲಿಲ್ವಾ?”

ನಂಜುಂಡಪ್ಪ ತಲೆ ಕೆರೆದುಕೊಂಡು ಕೂತರು. ಬೆಲ್ಲ ಉಳಿಯಿತು.

ಹನೂರಿನ ಸಾಲು ಗೋಡೆಯ ಮೇಲೆ ಮೂಡಿತು. ಲಾಭ, ಚಿಕ್ಕದೇ. ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ. ಬಸವರಾಜು ತಾವೇ ಎದ್ದು ಪ್ರಸ್ತಾಪ ಹಿಂದಕ್ಕೆ ತೆಗೆದುಕೊಂಡರು. ದೊಡ್ಡತಾಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಸೆಕೆಯೂ ಇತ್ತು ಅನ್ನಿ.

ಸಭೆ ಮುಗಿದ ಮೇಲೆ ದೊಡ್ಡತಾಯಮ್ಮ, ಬರಲಾಗದವರಿಗೆ ಊರಿಗೆ ಒಯ್ಯಲು ಪ್ರತಿಗಳು ಬೇಕೆಂದರು. ದಪ್ಪ ಅಕ್ಷರವಾದರೆ ಎರಡು ಹಾಳೆ, ಒಂದೇ ಹಾಳೆಯಾದರೆ ಅಕ್ಷರ ಇರುವೆಮೊಟ್ಟೆಯಷ್ಟು ಎಂದು ತೋರಿಸಿದೆ.

“ಒಂದ್ರಲ್ಲೇ ಕೊಡಿ. ಅಕ್ಸರ ಸಣ್ಣುಕಾದ್ರೆ ಕನ್ನಡ್ಕ ಆಕಬೋದು. ಊರೇ ಆಚ್ಗೋದ್ರೆ ಏನ್ ಆಕಳಾದು?”

ಟೆಂಪೋ ಹೊರಟಾಗ ಹಿಂದೆ ಕೂತಿದ್ದ ಹೆಂಗಸರು ಹಾಳೆಯನ್ನು ಬಿಸಿಲಿಗೆ ಹಿಡಿದು, ಕಣ್ಣು ಕಿರಿದು ಮಾಡಿಕೊಂಡು, ಒಬ್ಬರ ಮೇಲೊಬ್ಬರು ಬಾಗಿ ತಮ್ಮ ಊರನ್ನು ಹುಡುಕುತ್ತಿದ್ದರು. ಸಿಕ್ಕೇ ಸಿಗುತ್ತದೆ ಎಂದು ಗೊತ್ತಿದ್ದರೆ ಹುಡುಕುವುದೂ ಒಂದು ಸುಖವೇ.